ಉಪ್ಪು ಚೆಲ್ಲಿದ ದಾರಿಯಲ್ಲಿ ವಿಯೆನ್ನಾಕ್ಕೆ

ಉಪ್ಪು ತುಳಿಯಬಾರದೆಂದು ಚಿಕ್ಕಂದಿನಲ್ಲಿ ಅಮ್ಮನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹಾಸನದ ನಮ್ಮ ಅಡುಗೆಮನೆಯಲ್ಲಿ ನಾಲ್ಕು ಹರಳು ನೆಲಕ್ಕೆ ಬಿದ್ದರೂ ಅವಳು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ನೀರಿಗೆ ಬಿಡುತ್ತಿದ್ದಳು. ಕಳೆದ ಡಿಸೆಂಬರ್ 28ರಂದು ಜರ್ಮನಿಯ ಮ್ಯೂನಿಕ್‌ನಿಂದ ಹೊರಟ ಅರ್ಧ ಗಂಟೆಗೆ, ಎ8 ಹೆದ್ದಾರಿಯಲ್ಲಿ, ನಮ್ಮ ಮುಂದೆಯೇ ಒಂದು ಕಿತ್ತಳೆ ಬಣ್ಣದ ಲಾರಿ, ಮಂಜುಗಡ್ಡೆ ಕರಗಲೆಂದು, ರಸ್ತೆಯ ಉದ್ದಕ್ಕೂ ಉಪ್ಪು ಎರಚುತ್ತ ಹೋಗುತ್ತಿತ್ತು. ಮೊಮ್ಮಕ್ಕಳ ನಡುವೆ ಕುಳಿತಿದ್ದ ಅಮ್ಮ, "ಅಯ್ಯೋ, ಅದರ ಮೇಲೆಯೇ ಹೋಗುತ್ತೀಯೇನೋ?" ಎಂದಳು. ಬೇರೆ ದಾರಿ ಇರಲಿಲ್ಲ.

ಹೊಸ ವರ್ಷಕ್ಕೆ ಆಸ್ಟ್ರಿಯಾದ ವಿಯೆನ್ನಾ ಸೇರುವುದು ನಮ್ಮ ಯೋಜನೆ. ಸುಮಾರು 430 ಕಿಲೋಮೀಟರ್. ಬೇಸಿಗೆಯಲ್ಲಾದರೆ ಒಂದೇ ದಿನದ ಮಾತು. ನಾನು ಮೂರು ದಿನ ಇಟ್ಟುಕೊಂಡೆ. ಆ ದಿನಗಳಲ್ಲಿ ಅಲ್ಲಿ ಸಂಜೆ ನಾಲ್ಕು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಒದ್ದೆಯಾಗಿದ್ದ ರಸ್ತೆ ಆಮೇಲೆ ಹೆಪ್ಪುಗಟ್ಟುತ್ತದೆ, ಸೇತುವೆಗಳ ಮೇಲಂತೂ ಮೊದಲೇ. ಆದ್ದರಿಂದ ಮೂರು ಗಂಟೆಯ ನಂತರ ಸ್ಟೀರಿಂಗ್ ಹಿಡಿಯುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ.

ಉಳಿದ ಸಿದ್ಧತೆ ಎಲ್ಲರೂ ಮಾಡುವಂಥದ್ದೇ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಆಸ್ಟ್ರಿಯಾದಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ, ಅದರ ಗೀರಿನ ಆಳ ಕನಿಷ್ಠ 4 ಮಿಲಿಮೀಟರ್ ಇರಬೇಕು. ಹೊಳೆಯುವ ಜಾಕೆಟ್, ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಾರಿನಲ್ಲೇ ಇದ್ದವು. ಗಡಿಗೆ ಮುಂಚಿನ ಪೆಟ್ರೋಲ್ ಬಂಕಿನಲ್ಲಿ ಹತ್ತು ದಿನದ ಹೆದ್ದಾರಿ ಸುಂಕದ ಚೀಟಿ ಕೊಂಡು ಗಾಜಿಗೆ ಅಂಟಿಸಿದೆವು. ಮಕ್ಕಳ ದಪ್ಪ ಕೋಟು ಬಿಚ್ಚಿಸಿದ ಮೇಲೆಯೇ ಸೀಟಿನ ಪಟ್ಟಿ ಬಿಗಿದೆವು. ಕೋಟಿನ ಮೇಲೆ ಬಿಗಿದ ಪಟ್ಟಿ ಅಪಘಾತದಲ್ಲಿ ಸಡಿಲವಾಗಿಬಿಡುತ್ತದೆ. ಕೋಟನ್ನು ಹೊದಿಕೆಯಂತೆ ಮೇಲೆ ಹಾಕಿದರೆ ಸಾಕು.

ಇಷ್ಟೆಲ್ಲ ನೋಡಿಕೊಂಡವನು ಗಾಜು ತೊಳೆಯುವ ನೀರನ್ನು ಮರೆತಿದ್ದೆ. ಶರತ್ಕಾಲದಲ್ಲಿ ತುಂಬಿಸಿದ್ದ ನಲ್ಲಿ ನೀರು ಹಾಗೆಯೇ ಇತ್ತು. ಇರ್ಷೆನ್‌ಬರ್ಗ್ ಏರು ಹತ್ತುವಾಗ ಮುಂದಿನ ವಾಹನಗಳ ಚಕ್ರದಿಂದ ಹಾರಿದ ಉಪ್ಪುನೀರು ಗಾಜಿನ ಮೇಲೆ ಒಣಗಿ ಬಿಳಿ ಪೊರೆಯಾಯಿತು. ಆಗ್ನೇಯಕ್ಕೆ ಹೋಗುವ ರಸ್ತೆ, ಎದುರಿಗೇ ತಗ್ಗಿನಲ್ಲಿ ಬೆಳಗಿನ ಸೂರ್ಯ. ಒಂದು ಕ್ಷಣ ಹಾಲು ತುಂಬಿದ ಲೋಟದೊಳಗಿಂದ ನೋಡಿದಂತಾಯಿತು. ಗುಂಡಿ ಒತ್ತಿದೆ, ಮೋಟಾರು ಗುಂಯ್‌ಗುಡಿತು, ಹನಿ ಬರಲಿಲ್ಲ. ವೈಪರ್ ಹಾಕಿದ್ದು ಇನ್ನೂ ದೊಡ್ಡ ತಪ್ಪು. ಪೊರೆ ಇಡೀ ಗಾಜಿಗೆ ಹರಡಿತು.

ಹೇಗೋ ಬಲಕ್ಕೆ ಸರಿದು ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದೆ. ಫ್ಲಾಸ್ಕಿನ ಬಿಸಿನೀರು ಸುರಿ ಎಂದಳು ಅಮ್ಮ. ತಣ್ಣಗೆ ಕೊರೆಯುವ ಗಾಜಿಗೆ ಬಿಸಿನೀರು ಬಿದ್ದರೆ ಸೀಳುತ್ತದೆ ಎಂದು ಅವಳನ್ನು ತಡೆದದ್ದೇ ಅಂದು ನಾನು ಮಾಡಿದ ಜಾಣತನ. ಮೈನಸ್ ಇಪ್ಪತ್ತು ಡಿಗ್ರಿಗೂ ಹೆಪ್ಪುಗಟ್ಟದ ದ್ರವ ಅಲ್ಲೇ ಸಿಕ್ಕಿತು, ಆದರೆ ತೊಟ್ಟಿಯಲ್ಲಿ ಆಗಲೇ ಮಂಜುಗಡ್ಡೆ ತುಂಬಿರುವಾಗ ಎಲ್ಲಿ ಸುರಿಯುವುದು? ಸಾಲ್ಜ್‌ಬರ್ಗ್‌ವರೆಗೆ ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಂತು ಆ ದ್ರವದಲ್ಲಿ ಬಟ್ಟೆ ಅದ್ದಿ ಒರೆಸಿದೆವು. ಆ ಊರಿನಲ್ಲಿ ಮ್ಯೋಂಕ್ಸ್‌ಬರ್ಗ್ ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ ಪಾರ್ಕಿಂಗ್ ಇದೆ. ಊಟ ಮುಗಿಸಿ ಬರುವಷ್ಟರಲ್ಲಿ, ಒಳಗಿನ ಬೆಚ್ಚಗಿಗೆ ಗಡ್ಡೆ ಕರಗಿತ್ತು. ಹಳೆಯ ನೀರನ್ನೆಲ್ಲ ಚಿಮ್ಮಿಸಿ ಖಾಲಿ ಮಾಡಿ ಹೊಸದನ್ನು ತುಂಬಿದೆ. ಆ ನಾಲ್ಕು ಲೀಟರ್ ದ್ರವಕ್ಕಿಂತ ಮುಖ್ಯವಾದದ್ದು ಈ ಪ್ರಯಾಣದಲ್ಲಿ ಇನ್ನೊಂದಿರಲಿಲ್ಲ.

ಸಾಲ್ಜ್‌ಬರ್ಗ್ ಎಂದರೆ ಉಪ್ಪಿನ ಕೋಟೆ. ಮರುದಿನ ನೋಡಿದ ಹಾಲ್‌ಸ್ಟಾಟ್ ಬದುಕಿದ್ದೂ ಉಪ್ಪಿನಿಂದಲೇ. ಸರೋವರದ ಮೇಲಿನ ಬೆಟ್ಟದಲ್ಲಿ ಸಾವಿರಾರು ವರ್ಷಗಳಿಂದ ಗಣಿಗಾರಿಕೆ ನಡೆದಿದೆ. ಕಾರನ್ನು ಊರ ಹೊರಗೆ ಬಿಟ್ಟು ನಡೆದೆವು. ಚಿತ್ರಗಳಲ್ಲಿ ಕಾಣುವ ಆ ನೋಟದೆದುರು ಜನ ಕಿಕ್ಕಿರಿದಿದ್ದರು, ನನಗೇನೂ ಅನ್ನಿಸಲಿಲ್ಲ. ನಾನು ಮೆಚ್ಚಿದ್ದು ಬೇರೊಂದನ್ನು. ಇಲ್ಲಿಂದ ಎಬೆನ್‌ಸೇ ಎಂಬ ಊರಿನವರೆಗೆ ಸುಮಾರು 40 ಕಿಲೋಮೀಟರ್ ಉಪ್ಪುನೀರು ಸಾಗಿಸಲು 17ನೇ ಶತಮಾನದ ಆರಂಭದಲ್ಲೇ ಮರದ ಕಾಂಡಗಳನ್ನು ಟೊಳ್ಳು ಮಾಡಿ ಕೊಳವೆ ಹಾಕಿದ್ದರು. ಮೂರನೆಯ ದಿನ ನಾವು ಹೋದದ್ದೂ ಎಬೆನ್‌ಸೇ ದಿಕ್ಕಿಗೇ. ಅಮ್ಮ ಅಂಗಡಿಯಲ್ಲಿ ಒಂದು ಪೊಟ್ಟಣ ಉಪ್ಪು ಕೊಂಡಳು. ಹುಡುಗಿ ಕೈಚಾಚಿ ಕೊಟ್ಟರೆ ತೆಗೆದುಕೊಳ್ಳದೆ ಮೇಜಿನ ಮೇಲಿಡುವಂತೆ ಸನ್ನೆ ಮಾಡಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಜರ್ಮನ್ ಭಾಷೆಯಲ್ಲಿ ವಿವರಿಸುವ ಕೆಲಸ ನನ್ನ ಒಂಬತ್ತು ವರ್ಷದ ಮಗಳ ಪಾಲಿಗೆ ಬಂತು.

ಎ1 ಹೆದ್ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೆಲ್ಕ್‌ನ ಹಳದಿ ಮಠ ದೂರದಿಂದ ಕಂಡಿತು, ಚಿತ್ರಾನ್ನ ಖಾಲಿಯಾಯಿತು. ವಿಯೆನ್ನಾದೊಳಗೆ ಮಾತ್ರ ಕಾರು ಒಯ್ಯಬಾರದು. 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಇಡೀ ನಗರದಲ್ಲಿ ವಾರದ ದಿನಗಳಂದು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ರಸ್ತೆಬದಿ ಕಾರು ನಿಲ್ಲಿಸಲು ಶುಲ್ಕವಿದೆ, ಅದೂ ಹೊರಗಿನವರಿಗೆ ಎರಡೇ ಗಂಟೆ. ಪಶ್ಚಿಮದ ಅಂಚಿನ ಹ್ಯೂಟೆಲ್‌ಡೋರ್ಫ್‌ನಲ್ಲಿ ಕಾರು ಬಿಟ್ಟು ಯು4 ಮೆಟ್ರೊ ಹತ್ತಿದೆವು. ಗಂಟೆ ಎರಡೂವರೆ, ಕೊಟ್ಟ ಮಾತು ಉಳಿಯಿತು.

ಮರುದಿನ ರಾತ್ರಿ ಹನ್ನೆರಡಕ್ಕೆ ಸಂತ ಸ್ಟೀಫನ್ ಕೆಥೆಡ್ರಲ್‌ನ ಪುಮ್ಮೆರಿನ್ ಗಂಟೆ ಬಾರಿಸಿತು. ಇಪ್ಪತ್ತು ಟನ್ ಮೀರಿದ ಗಂಟೆ, ನಾದ ಎದೆಯಲ್ಲೇ ಮೊಳಗುತ್ತದೆ. ನಾಲ್ಕು ವರ್ಷದ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಹಿಂದೆಯೇ ಧ್ವನಿವರ್ಧಕದಲ್ಲಿ ನೀಲಿ ಡ್ಯಾನ್ಯೂಬ್ ವಾಲ್ಟ್ಜ್ ಬಂತು, ದಪ್ಪ ಕೋಟುಗಳ ಜನ ಕೆಸರು ಹಿಮದಲ್ಲೇ ಜೋಡಿಯಾಗಿ ಸುತ್ತತೊಡಗಿದರು. ಮಗಳು ಅಜ್ಜಿಯ ಎರಡೂ ಕೈ ಹಿಡಿದು ಸುತ್ತಿಸಿದಳು. ಮಂಡಿನೋವಿನ ಅಮ್ಮ ಮೂರು ಸುತ್ತು ತಿರುಗಿ, ಸಾಕು ಬಿಡೇ ಎಂದಳು.

ಬಾಡಿಗೆ ಮನೆಗೆ ಮರಳಿದಾಗ ಅವಳ ಕಪ್ಪು ಬೂಟಿನ ಸುತ್ತ ಬಿಳಿ ಗೆರೆ ಕಟ್ಟಿತ್ತು. ಹೊಸ್ತಿಲಿನ ಆಚೆಯೇ ಬೂಟು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದಳು.