ದುಂಡಗಿರೋದೆಲ್ಲ ಸ್ಟೆಮ್ ಸೆಲ್ ಅಲ್ಲ

ಪುಣೆ ಹತ್ತಿರದ ಪಿಂಪ್ರಿಯ ನಮ್ಮ ಬಿಲ್ಡಿಂಗ್‌ನಲ್ಲಿ ಬಾಗಲಕೋಟೆ ಕಡೆಯ ಕಾಕಾ ಒಬ್ಬರಿದ್ದಾರೆ. ಗಡ್ಡೆಯಾಗಿದ್ದ ಅವರ ಎಡ ಕಿಡ್ನಿಯನ್ನು ಪೂರ್ತಿ ತೆಗೆದಿದ್ದಾರೆ. ಆದರೂ ಆಗಾಗ ಸ್ಕ್ಯಾನ್ ಮಾಡಿಸಬೇಕು. "ಬುಡಸಮೇತ ಕಿತ್ತ ಮ್ಯಾಲ ಮತ್ಯಾಕ ಬರ್ತದ ತಂಗಿ?" ಅಂತ ಒಂದು ದಿನ ಕೇಳಿದರು. ನಾನು ಲ್ಯಾಬ್‌ನಲ್ಲಿ ಹುಡುಕುತ್ತಿದ್ದದ್ದೂ ಅದನ್ನೇ. ಆದರೂ ತಟ್ಟನೆ ಉತ್ತರ ಬರಲಿಲ್ಲ.

ಕಿಡ್ನಿ ಕ್ಯಾನ್ಸರ್ ಬೇರೆಲ್ಲೂ ಹರಡಿದ್ದು ಕಾಣುವ ಮುಂಚೆಯೇ ಆಪರೇಷನ್ ಆದರೂ, ನೂರರಲ್ಲಿ 20ರಿಂದ 30 ಜನರಿಗೆ ಮುಂದೆ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಮತ್ತೆ ಕಾಣಿಸಿಕೊಳ್ಳುತ್ತದೆ. ಗಡ್ಡೆಯ ಎಲ್ಲ ಜೀವಕೋಶಗಳಿಗೂ ಹೊಸ ಗಡ್ಡೆ ಹುಟ್ಟಿಸುವ ತಾಕತ್ತು ಇಲ್ಲ, ಕೆಲವಕ್ಕೆ ಮಾತ್ರ ಇದೆ, ಅಂಥವು ಕೆಲವು ಮೊದಲೇ ಹೊರಗೆ ಜಾರಿಕೊಂಡಿದ್ದರೆ ಸಾಕು ಅನ್ನೋದು ಇದಕ್ಕೆ ಒಂದು ವಿವರಣೆ. ಅವಕ್ಕೇ ಕ್ಯಾನ್ಸರ್ ಸ್ಟೆಮ್ ಸೆಲ್ ಅಂತ ಹೆಸರು. ಟೊರೊಂಟೊದ ಜಾನ್ ಡಿಕ್ ತಂಡ 1994ರಲ್ಲಿ ರಕ್ತದ ಕ್ಯಾನ್ಸರ್‌ನಲ್ಲಿ ಇಂಥ ಕೋಶಗಳನ್ನು ತೋರಿಸಿತು. 2008ರಲ್ಲಿ ಇಟಲಿಯ ಟ್ಯೂರಿನ್‌ನವರು ಕಿಡ್ನಿ ಗಡ್ಡೆಯಿಂದ ಮೇಲ್ಮೈಯಲ್ಲಿ ಸಿಡಿ105 ಎಂಬ ಪ್ರೋಟೀನ್ ಗುರುತಿರುವ ಜೀವಕೋಶಗಳನ್ನು ಬೇರೆ ಮಾಡಿ, ಇಲಿಗಳಲ್ಲಿ ಗಡ್ಡೆ ಬೆಳೆಸಿದರು. ಅಂಥವು ಇದ್ದದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅದೇ ಜಾಡು ಹಿಡಿದು ನಾನೂ ಹೊರಟೆ.

ಮೊದಲ ಸಲ ಆಸ್ಪತ್ರೆಯೊಂದರಿಂದ ಬಂದ ತುಂಡು ಫಾರ್ಮಾಲಿನ್‌ನಲ್ಲಿ ತೇಲುತ್ತಿತ್ತು! ರೋಗಿಯ ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿ ಅಂತ ತಿಂಗಳುಗಟ್ಟಲೆ ಓಡಾಡಿದ್ದೆಲ್ಲ ನೀರಲ್ಲಿ ಹೋಮ. ಫಾರ್ಮಾಲಿನ್‌ಗೆ ಬಿದ್ದ ಜೀವಕೋಶ ಸತ್ತಂತೆಯೇ. ಮುಂದಿನ ಸಲದಿಂದ ಐಸ್ ಪೆಟ್ಟಿಗೆ, ಆಂಟಿಬಯೋಟಿಕ್ ಹಾಕಿದ ಮೀಡಿಯಂ ಹಿಡಿದು ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಾನೇ ನಿಂತೆ.

ಈ ಗಡ್ಡೆ ಕೊಯ್ದರೆ ಒಳಗೆ ಹಳದಿ, ಹೆಪ್ಪುಗಟ್ಟಿದ ಆಕಳ ತುಪ್ಪದ ಹಾಗೆ. ಜೀವಕೋಶದ ತುಂಬ ಕೊಬ್ಬು, ಅದಕ್ಕೇ ಆ ಬಣ್ಣ. ನಡುವೆ ಸಾಮಾನ್ಯವಾಗಿ ಸತ್ತ ಭಾಗ ಇರುತ್ತದೆ, ಹಾಗಾಗಿ ಅಂಚಿನಿಂದ ತೆಗೆದುಕೊಳ್ಳಬೇಕು. ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಕೋಶಗಳನ್ನು ಬಿಡಿಸುವ ಕೊಲಾಜಿನೇಸ್ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಟ್ಟು, ಜರಡಿಯಲ್ಲಿ ಸೋಸಿ, ಕೆಂಪು ರಕ್ತಕಣ ಒಡೆದು ತೊಳೆದೆ. ಇಷ್ಟು ಯಾರು ಬೇಕಾದರೂ ಕಲಿಯಬಹುದು.

ಮಾಮೂಲಿ ಜೀವಕೋಶಗಳಿಗೆ ಅಂಟಿಕೊಳ್ಳಲು ತಳ ಬೇಕು. ಸ್ಟೆಮ್ ಸೆಲ್‌ಗಳು ತಳವಿಲ್ಲದೆಯೂ ಬದುಕಿ, ತೇಲುತ್ತಲೇ ಎರಡೆರಡಾಗಿ ಒಡೆದು ಒಡೆದು ಸಣ್ಣ ಉಂಡೆಗಳಾಗುತ್ತವೆ. ಅದಕ್ಕೆ ಪ್ಲೇಟಿನ ತಳಕ್ಕೆ ಕೋಶ ಅಂಟದಂತೆ ಮಾಡುವ ಪಾಲಿ-ಹೆಮಾ ಬಳಿದೆ. ರೆಡಿಮೇಡ್ ಪ್ಲೇಟ್ ಸಿಗುತ್ತದೆ, ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಾಮೂಲಿಯಾಗಿ ಹಾಕುವ ಸೀರಂ, ಅಂದರೆ ರಕ್ತದ ತಿಳಿ, ಹಾಕಲಿಲ್ಲ. ಬದಲಿಗೆ ಇಜಿಎಫ್, ಬಿಎಫ್‌ಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್‌ಗಳನ್ನು ಮಿಲಿಲೀಟರಿಗೆ 20 ನ್ಯಾನೋಗ್ರಾಂನಂತೆ ಹಾಕಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಪ್ಲೇಟ್ ತುಂಬ ಉಂಡೆಗಳು! ಫೋಟೋ ತೆಗೆದು ಸರ್‌ಗೆ ಓಡಿ ತೋರಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ರಾತ್ರಿಯಲ್ಲಿ ಇಷ್ಟು ದೊಡ್ಡದಾಗಬೇಕಾದರೆ ಒಂದು ಸೆಲ್ ಎಷ್ಟು ಸಲ ಒಡೆದಿರಬೇಕು, ಲೆಕ್ಕ ಹಾಕು ಅಂದರು. ಒಂದು ಸಲ ಒಡೆಯೋಕೇ ಒಂದು ದಿನ ಬೇಕು, ಅಲ್ವಾ? ಅವು ಬೆಳೆದ ಉಂಡೆಗಳೇ ಅಲ್ಲ. ನಾನು ಜಾಸ್ತಿ ಸೆಲ್ ಹಾಕಿದ್ದೆ. ಸಾಲದ್ದಕ್ಕೆ ಪ್ಲೇಟನ್ನು ಆಡಿಸುತ್ತಾ ಇನ್‌ಕ್ಯುಬೇಟರ್‌ವರೆಗೆ ಒಯ್ದಿದ್ದೆ. ಎಲ್ಲ ನಡುವೆ ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು, ಅಷ್ಟೇ.

ಆಮೇಲೆ 96 ಗುಳಿಯ ಪ್ಲೇಟಿನಲ್ಲಿ ಗುಳಿಗೊಂದೇ ಸೆಲ್ ಬೀಳುವ ಹಾಗೆ ತೆಳು ಮಾಡಿ ಹಾಕಿದೆ. ಮೊದಲ ದಿನವೇ ಗುಳಿ ಗುಳಿ ನೋಡಿ ಒಂದೇ ಇರುವುದನ್ನು ಬರೆದಿಟ್ಟುಕೊಂಡೆ. ಕಣ್ಣು ಉರಿ, ಕುತ್ತಿಗೆ ನೋವು. ಹತ್ತನೇ ದಿನ ಬಹುತೇಕ ಗುಳಿಗಳು ಖಾಲಿ. ಕೆಲವೇ ಕೆಲವದರಲ್ಲಿ ನಿಜವಾದ ಉಂಡೆ. ಅದನ್ನು ಬಿಡಿಸಿ ಮತ್ತೆ ಒಂಟಿಯಾಗಿ ಹಾಕಿದಾಗಲೂ ಉಂಡೆ ಕಟ್ಟಿದರೆ ಮಾತ್ರ ನಾನು ನಂಬುತ್ತೇನೆ. ಹಾಗಿದ್ದರೂ ಇಲಿಯಲ್ಲಿ ಗಡ್ಡೆ ಬೆಳೆಸಿ ತೋರಿಸುವವರೆಗೆ ಅದು ಅರ್ಧ ಸಾಕ್ಷಿ.

ಸಿಡಿ105 ಕೂಡ ಹೀಗೇ ಮೋಸ ಮಾಡಿತು. ಮೊದಲ ಎಣಿಕೆಯಲ್ಲಿ ಟ್ಯೂರಿನ್‌ನವರಿಗಿಂತ ಎಷ್ಟೋ ಜಾಸ್ತಿ ಬಂದಾಗ ಸಂತೋಷಪಟ್ಟಿದ್ದೆ. ಆದರೆ ಈ ಗುರುತು ರಕ್ತನಾಳದ ಜೀವಕೋಶಗಳ ಮೇಲೂ ಇರುತ್ತದೆ. ಕಿಡ್ನಿ ಗಡ್ಡೆಯಲ್ಲಂತೂ ರಕ್ತನಾಳಗಳ ಜಾತ್ರೆ. ಬಹುಪಾಲು ಗಡ್ಡೆಗಳಲ್ಲಿ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ, ಆಮ್ಲಜನಕ ಇದ್ದರೂ ಇಲ್ಲವೆಂದೇ ತಿಳಿದು ಗಡ್ಡೆ ಹೊಸ ನಾಳಗಳನ್ನು ಕರೆಯುತ್ತಲೇ ಇರುತ್ತದೆ. ಸಿಡಿ31 ಇರುವ ನಾಳದ ಕೋಶ, ಸಿಡಿ45 ಇರುವ ಬಿಳಿ ರಕ್ತಕಣ ಎರಡನ್ನೂ ಮೊದಲು ತೆಗೆದು ಎಣಿಸಿದೆ. ಅಂಕಿ ದೊಪ್ಪನೆ ಬಿತ್ತು.

ಇದನ್ನೆಲ್ಲ ಕಾಕಾಗೆ ಚಹಾ ಕುಡಿಯುತ್ತಾ ಹೇಳಿದೆ. "ಅಂದ್ರ ಹೊಲದಾಗಿನ ಕರಕಿ ಇದ್ದಂಗ. ಗಡ್ಡಿ ಉಳದ್ರ ಮತ್ತ ಚಿಗೀತದ" ಅಂದರು. ಸರಿಯೇ, ಆದರೆ ಪೂರ್ತಿ ಅಲ್ಲ. ಕರಕಿಯ ಎಲೆ ಮತ್ತೆ ಬೇರು ಆಗುವುದಿಲ್ಲ. ಕ್ಯಾನ್ಸರ್‌ನಲ್ಲಿ ಮಾಮೂಲಿ ಕೋಶವೂ ಸ್ಟೆಮ್ ಸೆಲ್ ಗುಣಕ್ಕೆ ಮರಳಬಹುದು. ಬೇರನ್ನಷ್ಟೇ ಕೊಂದರೆ ಸಾಕು ಅನ್ನೋರ ಮಾತು ನನಗೆ ಒಪ್ಪಿಗೆಯಾಗದಿರೋದು ಇದಕ್ಕೇ.

"ಇದಕ್ಕ ಗುಳಿಗಿ ಬಂದೈತೇನ?"

2006ರಿಂದ ಸುನಿಟಿನಿಬ್ ಇದೆ, ಅದು ನಾಳ ಬೆಳೆಯದಂತೆ ತಡೆಯುತ್ತದೆ. ಸ್ಟೆಮ್ ಸೆಲ್‌ಗೇ ಗುರಿಯಿಟ್ಟದ್ದು ಇನ್ನೂ ಆಸ್ಪತ್ರೆಗೆ ಬಂದಿಲ್ಲ ಕಾಕಾ, ಅಂದೆ. ಅವರು ಎದ್ದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್‌ನಲ್ಲಿ ಮುಂದಿನ ಸ್ಕ್ಯಾನ್ ತಾರೀಖಿಗೆ ಪೆನ್ನಿನಿಂದ ಗುಂಡಗೆ ಗೆರೆ ಎಳೆದರು.