ಊರಿನ ನಲ್ಲಿ ನೀರಿಗೆ ಹೊಣೆ ಯಾರು? ಹೀಗೆ ಗಟ್ಟಿ ಮಾಡಿಕೊಳ್ಳಿ

ಕೆನಡಾದ ವಾಕರ್ಟನ್ ಪಟ್ಟಣದಲ್ಲಿ ಬಾವಿ, ರೋಗಾಣು ಕೊಲ್ಲುವ ಕ್ಲೋರಿನ್ ಹಾಕುವ ಯಂತ್ರ, ಸಿಬ್ಬಂದಿ ಎಲ್ಲವೂ ಇತ್ತು. 2000ದ ಮೇ ತಿಂಗಳ ಜೋರು ಮಳೆಗೆ ದನದ ಗೊಬ್ಬರದ ರೋಗಾಣು ಬಾವಿಗೆ ಇಳಿಯಿತು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಸಿಬ್ಬಂದಿ ಕ್ಲೋರಿನ್ ಅಳೆಯದೆಯೇ ಪುಸ್ತಕ ತುಂಬಿಸುತ್ತಿದ್ದರು ಅನ್ನುವುದು ವಿಚಾರಣೆಯಲ್ಲಿ ಹೊರಬಿತ್ತು. ನೀರು ಕೆಟ್ಟಿದೆ ಎಂಬ ಲ್ಯಾಬ್ ವರದಿಯನ್ನೂ ಆರೋಗ್ಯಾಧಿಕಾರಿಗಳಿಂದ ಮುಚ್ಚಿಟ್ಟಿದ್ದರು. ನಿಮ್ಮ ನೀರು ಸಮಿತಿಯಲ್ಲಿ ಹೀಗಾಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ಕೆಲಸ ಹಂಚಿ. ಬಾವಿ, ಟ್ಯಾಂಕ್, ಪೈಪು, ಪರೀಕ್ಷೆ, ಒಂದೊಂದಕ್ಕೂ ಒಬ್ಬರ ಹೆಸರು ಬರೆದಿಡಿ. ‘ಎಲ್ಲರೂ ನೋಡ್ಕೋತಾರೆ’ ಅಂದರೆ ಯಾರೂ ನೋಡುವುದಿಲ್ಲ. ನೀರು ಬಿಡುವವರೇ ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಬಾರದು.

ಎರಡನೆಯದು ಕ್ಲೋರಿನ್. ಅತಿ ಮುಖ್ಯ ಇದೇ ಅನ್ನುವುದು ನನ್ನ ಅಭಿಪ್ರಾಯ. ಟ್ಯಾಂಕಿನ ಪಕ್ಕ ಅಳೆದರೆ ಸಾಲದು, ಕೊನೆಯ ಮನೆಯ ನಲ್ಲಿಯಲ್ಲಿ ಅಳೆಯಿರಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಲೋರಿನ್ ಅಳೆಯುವ ಕಿಟ್‌ನ ಮಾತ್ರೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬಣ್ಣ ಬರಲಿಲ್ಲ ಅಂದರೆ ಕ್ಲೋರಿನ್ ಅಲ್ಲಿಗೆ ಮುಟ್ಟಿಲ್ಲ. ತೆರೆದಿಟ್ಟ ಬ್ಲೀಚಿಂಗ್ ಪೌಡರ್ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ದಿನಾ ಅಷ್ಟೇ ಪುಡಿ ಹಾಕಿದರೂ ನೀರಿನಲ್ಲಿ ಅಷ್ಟೇ ಕ್ಲೋರಿನ್ ಇರುತ್ತದೆ ಎಂದಲ್ಲ. ಪುಸ್ತಕದಲ್ಲಿ ತಿಂಗಳಿಡೀ 0.5, 0.5 ಎಂದೇ ಇದ್ದರೆ ಅನುಮಾನಪಡಿ. ನಿಜವಾಗಿ ಅಳೆದ ಅಂಕಿ ಒಂದಿಷ್ಟು ಏರಿಳಿಯುತ್ತದೆ, ಅಲ್ವಾ? ನೆಲದೊಳಗಿಂದ ನೀರಿಗೆ ಸೇರುವ ಫ್ಲೋರೈಡ್, ಆರ್ಸೆನಿಕ್ ಮಾತ್ರ ಕ್ಲೋರಿನ್‌ಗೆ ಬಗ್ಗುವುದಿಲ್ಲ. ಅವಕ್ಕೆ ಬೇರೆಯೇ ಪರೀಕ್ಷೆ ಬೇಕು.

ಮೂರನೆಯದು ದುಡ್ಡು. ರಿಪೇರಿಗೆಂದು ಪ್ರತ್ಯೇಕ ಹಣ ತೆಗೆದಿಡಿ, ಲೆಕ್ಕವನ್ನು ಎಲ್ಲರೆದುರು ಓದಿ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇಳಿದು, ಬಿರುಕಿನಿಂದ ಹೊರಗಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಲೀಕ್ ಮುಚ್ಚಲು ಹಣವಿಲ್ಲದ ಸಮಿತಿ ಕಾಯಿಲೆಗೆ ದಾರಿ ಬಿಟ್ಟಂತೆಯೇ.

ನಾಲ್ಕನೆಯದು ವರದಿ. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಲ್ಯಾಬಿನ ಫಲಿತಾಂಶ ಸಮಿತಿಗೂ ಆರೋಗ್ಯ ಇಲಾಖೆಗೂ ಒಟ್ಟಿಗೇ ಹೋಗಲಿ. ಜನ ಓದುವ ಕಡೆ ಅಂಟಿಸಿ.

ಕೊನೆಗೆ, ಫಲಿತಾಂಶ ಕೆಟ್ಟು ಬಂದರೆ ‘ಕುದಿಸಿ ಕುಡಿಯಿರಿ’ ಎಂದು ಸಾರುವ ಅಧಿಕಾರ ಯಾರಿಗೆ? ಈಗಲೇ ತೀರ್ಮಾನಿಸಿ ಬರೆದಿಡಿ. ಅವರು ಊರಲ್ಲಿಲ್ಲದಿದ್ದರೆ ಇನ್ಯಾರು ಎನ್ನುವುದನ್ನೂ ಬರೆಯಿರಿ. ಅಧ್ಯಕ್ಷರ ಒಪ್ಪಿಗೆಗೆ ಕಾಯುವ ನಿಯಮ ಇಟ್ಟುಕೊಳ್ಳಬೇಡಿ.