ಮನೆಯಿಂದ ಒಂದು ಗಂಟೆ ದೂರದಲ್ಲಿ ನಮ್ಮ ಟೆಂಟು

ಮಕ್ಕಳ ಜೊತೆ ಟೆಂಟಿನಲ್ಲಿ ಮಲಗುವ ಆಸೆ ಹುಟ್ಟಿದಾಗ ನಾನು ಮೊದಲು ಹುಡುಕಿದ್ದು ದೂರದ ಜಾಗಗಳನ್ನೇ. ಐದು ಗಂಟೆ ಪ್ರಯಾಣ ಮಾಡಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಮಕ್ಕಳಿಗೆ ಹಸಿವು, ನಿದ್ದೆ. ಟಾರ್ಚ್ ಬೆಳಕಿನಲ್ಲಿ ಟೆಂಟು ಕಟ್ಟುವುದರಲ್ಲೇ ಅರ್ಧ ರಾತ್ರಿ ಕಳೆಯಿತು. ಆಮೇಲೆ ತೀರ್ಮಾನ ಮಾಡಿದೆವು: ಮನೆಯಿಂದ ಒಂದು ಗಂಟೆಗಿಂತ ದೂರ ಬೇಡ, ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು.

ಹತ್ತಿರದ ಜಾಗದ ದೊಡ್ಡ ಲಾಭ ಏನು ಗೊತ್ತಾ? ನಡುರಾತ್ರಿ ಬೇಕಾದರೂ ಮನೆಗೆ ಬಂದುಬಿಡಬಹುದು. ನಾವು ಬಂದಿದ್ದೇವೆ. ಮಗಳಿಗೆ ಆಗ ನಾಲ್ಕು ವರ್ಷ. ಎಚ್ಚರವಾಗಿ "ಅಮ್ಮಾ, ಮನೆಗೆ ಹೋಗೋಣ" ಅಂತ ಅಳತೊಡಗಿದಳು. ಏನು ಹೇಳಿದರೂ ನಿಲ್ಲಿಸಲಿಲ್ಲ. ಅವರಪ್ಪ, ಅಣ್ಣ ಅಲ್ಲೇ ಉಳಿದರು, ನಾನು ಅವಳನ್ನು ಮನೆಗೆ ಕರೆತಂದೆ. ಬೆಳಿಗ್ಗೆ ಕಣ್ಣು ಬಿಟ್ಟವಳೇ ಕೇಳಿದ್ದು "ಟೆಂಟು ಎಲ್ಲಿ?" ಅಂತ. ಆ ರಾತ್ರಿ ಬಲವಂತವಾಗಿ ಉಳಿಸಿಕೊಂಡಿದ್ದರೆ ಅವಳು ಮತ್ತೆ ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಹೊಸ ಜಾಗಕ್ಕೆ ಮೊದಲು ಹಗಲು ಹೊತ್ತಿನಲ್ಲಿ ಸುಮ್ನೆ ಸುತ್ತಾಡಿ ಬರುತ್ತೇವೆ. ರಾತ್ರಿ ಉಳಿಯಲು ಅನುಮತಿ ಬೇಕಾ ಅಂತ ಆಗಲೇ ಕೇಳಿಕೊಳ್ಳುತ್ತೇವೆ. ಮರದ ಕೆಳಗಾದರೆ ತಲೆ ಎತ್ತಿ ನೋಡಲೇಬೇಕು, ಒಣಗಿದ ಕೊಂಬೆ ಗಾಳಿಗೆ ಮುರಿದು ಬೀಳಬಹುದು. ಒಣಗಿದ ಹಳ್ಳದ ಮರಳು ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ಮಲಗುವುದಿಲ್ಲ. ಮೇಲೆಲ್ಲೋ ಸುರಿದ ಮಳೆಯ ನೀರು, ನಮ್ಮ ತಲೆ ಮೇಲೆ ಮೋಡವೇ ಇಲ್ಲದಿದ್ದರೂ, ಅಲ್ಲಿಗೆ ಹರಿದು ಬರಬಹುದು. ತಗ್ಗಿನ ಜಾಗವೂ ಬೇಡ. ರಾತ್ರಿ ತಣ್ಣನೆಯ ಗಾಳಿ ಅಲ್ಲಿಗೇ ಇಳಿಯುತ್ತದೆ, ಇಬ್ಬನಿಯೂ ಜಾಸ್ತಿ. ನೀರಿನ ದಡದಿಂದ ಸುಮಾರು 60 ಮೀಟರ್ ದೂರ ಇರುತ್ತೇವೆ. ಮಕ್ಕಳ ಬಗೆಗಿನ ಭಯಕ್ಕಷ್ಟೇ ಅಲ್ಲ, ನೀರು ಕುಡಿಯಲು ಬರುವ ಪ್ರಾಣಿಗಳಿಗೂ ದಾರಿ ಬೇಕಲ್ವಾ.

ಚಳಿಯ ವಿಷಯದಲ್ಲಿ ನಾನು ತುಂಬಾ ದಿನ ತಪ್ಪು ತಿಳಿದಿದ್ದೆ. ಮೇಲೆ ಹೊದಿಕೆ ಹೇರುತ್ತಿದ್ದೆ, ಮಕ್ಕಳು ಆದರೂ ನಡುಗುತ್ತಿದ್ದರು. ಚಳಿ ಬರುತ್ತಿದ್ದದ್ದು ನೆಲದಿಂದ. ಸ್ಲೀಪಿಂಗ್ ಬ್ಯಾಗಿನ ಒಳಗೆ ತುಂಬಿದ್ದು ಮೈಭಾರಕ್ಕೆ ಅಪ್ಪಚ್ಚಿಯಾದರೆ ಆ ಭಾಗ ಬೆಚ್ಚಗೆ ಇಡುವುದಿಲ್ಲ. ಈಗ ಕೆಳಗೆ ಎರಡು ಫೋಮ್ ಚಾಪೆ ಹಾಸುತ್ತೇವೆ.

ಒಂದು ಬೆಳಿಗ್ಗೆ ಮಗ ಟೆಂಟಿನ ಒಳಮೈ ಮೇಲೆ ಬೆರಳಾಡಿಸಿದ. ನೀರು ಗೆರೆಯಾಗಿ ಇಳಿಯಿತು. "ಮಳೆ ಬಂದಿತ್ತಾ ಅಮ್ಮಾ?" ಅಂದ. ಹೊರಗೆ ಆಕಾಶ ತಿಳಿಯಾಗಿತ್ತು. ಅದು ನಾವು ನಾಲ್ಕೂ ಜನ ರಾತ್ರಿಯಿಡೀ ಬಿಟ್ಟ ಉಸಿರು. ಅಂದಿನಿಂದ ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿ ಮುಚ್ಚುವುದಿಲ್ಲ. ಒಲೆಯನ್ನಂತೂ ಟೆಂಟಿನ ಒಳಗೆ ಹಚ್ಚಲೇಬೇಡಿ, ಕೆಂಡವನ್ನೂ ತರಬೇಡಿ. ಅವುಗಳಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಮಕ್ಕಳಿಬ್ಬರ ಕೊರಳಲ್ಲೂ ಒಂದೊಂದು ಸೀಟಿ ಇರುತ್ತದೆ. ದಾರಿ ತಪ್ಪಿದರೆ ಒಂದು ಮರದ ಹತ್ತಿರ ನಿಂತುಬಿಡಬೇಕು, ಮೂರು ಸಲ ಊದಬೇಕು, ಅಲ್ಲಿಂದ ಕದಲಬಾರದು. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ, ಹಗಲಲ್ಲಿ ಆಟದ ಹಾಗೆ ಆಡಿಸಿ ಕಲಿಸಿದೆವು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ನನಗೆ ತುಂಬಾ ಇಷ್ಟ. ಯಾವ ಬಂಡೆ ಸಂಜೆಯವರೆಗೂ ಬಿಸಿಯಾಗಿರುತ್ತದೆ, ಇರುವೆ ಸಾಲು ಎಲ್ಲಿ ಅಂತ ಮಕ್ಕಳೇ ಹೇಳುತ್ತಾರೆ. ಮಗಳಿಗೆ ಈಗ ಏಳು. ಟೆಂಟು ಹಾಕುವ ಮೊದಲು ಅವಳು ಬರಿ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಾಳೆ. "ಇಲ್ಲಿ ಬೆನ್ನಿಗೆ ಕಲ್ಲು ಒತ್ತುತ್ತೆ," ಅನ್ನುತ್ತಾಳೆ. ಎರಡಡಿ ಆಚೆ ಉರುಳಿ, "ಹಾಂ, ಇಲ್ಲಿ ಹಾಕಿ ಅಪ್ಪಾ" ಅಂತ ಕೂಗುತ್ತಾಳೆ.